ಖಾಲಿ ಕಂಪ್ಯೂಟರಿಗೆ ಚೆಸ್ ಕೆಲಸ ಹಚ್ಚುವುದು ಹೇಗೆ?

ಬೆಳಗಾವಿಯ ಕಾಲೇಜು ಲ್ಯಾಬುಗಳಲ್ಲಿ ಸಂಜೆಯಾದರೆ ಕಂಪ್ಯೂಟರುಗಳು ಸುಮ್ನೆ ಕೂತಿರುತ್ತವೆ. ಆ ಬಿಡುವನ್ನು ಸ್ಟಾಕ್‌ಫಿಶ್‌ಗೆ ಕೊಡಬಹುದು. ಬಲಾಢ್ಯ ಗ್ರ್ಯಾಂಡ್‌ಮಾಸ್ಟರುಗಳನ್ನೂ ಸೋಲಿಸಬಲ್ಲ ಈ ಚೆಸ್ ಪ್ರೋಗ್ರಾಂ ಪೂರ್ತಿ ಉಚಿತ. ಅದರ ಕೋಡನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದಿದ್ದು ಸರಿಯೋ ತಪ್ಪೋ ನೋಡಲು 2013ರಲ್ಲಿ ಗ್ಯಾರಿ ಲಿನ್‌ಸ್ಕಾಟ್ ‘ಫಿಶ್‌ಟೆಸ್ಟ್’ ಕಟ್ಟಿದರು. ಅದು ನಡೆಯುವುದು ಸ್ವಯಂಸೇವಕರ ಕಂಪ್ಯೂಟರುಗಳ ಮೇಲೆ.

ಇಷ್ಟೊಂದು ಯಂತ್ರ ಯಾಕೆ? ಒಂದು ತಿದ್ದುಪಡಿಯಿಂದ ಸಿಗುವ ಲಾಭ ಒಂದೆರಡು ಎಲೊ ಅಂಕ (ಚೆಸ್‌ನಲ್ಲಿ ಆಟದ ಬಲ ಅಳೆಯುವ ಅಂಕ), ಅಷ್ಟೇ. ಹಳೆಯ ಕೋಡಿಗೂ ತಿದ್ದಿದ ಕೋಡಿಗೂ ನಡುವೆ ನೂರು ಆಟ ಹಚ್ಚಿದರೆ ಏನೂ ತಿಳಿಯುವುದಿಲ್ಲ, ಗೆಲುವು ಬರೀ ಅದೃಷ್ಟವೂ ಆಗಿರಬಹುದು ಅಲ್ವಾ? ಹತ್ತಾರು ಸಾವಿರ ಆಟ ಬೇಕು. ಒಂದೇ ಆರಂಭದಿಂದ ಎರಡೆರಡು ಆಟ, ಬಿಳಿ ಕಪ್ಪು ಅದಲುಬದಲು. ಮೊದಲ ಹಂತದಲ್ಲಿ ಪ್ರತಿ ಕಡೆಗೂ 10 ಸೆಕೆಂಡ್, ನಡೆಗೆ 0.1 ಸೆಕೆಂಡ್ ಜಾಸ್ತಿ. ಪಾಸಾದರೆ 60 ಸೆಕೆಂಡಿನ ಹಂತ. ಎಷ್ಟು ಆಟ ಎಂದು ಮೊದಲೇ ಗೊತ್ತುಮಾಡಿರುವುದಿಲ್ಲ. ಉತ್ತರ ಸ್ಪಷ್ಟವಾದ ಕೂಡಲೇ ಪರೀಕ್ಷೆ ನಿಲ್ಲುತ್ತದೆ. ಯಾರ ಯಂತ್ರದ ಸಮಯವೂ ದಂಡವಾಗದ ಈ ಲೆಕ್ಕ ನನಗೆ ಬಹಳ ಇಷ್ಟ.

ಮೊದಲು ಒಪ್ಪಿಗೆ. ಲ್ಯಾಬಿನ ಯಂತ್ರವಾದರೆ ವಿಭಾಗದ ಮುಖ್ಯಸ್ಥರಿಂದ ಬರೆಸಿಕೊಳ್ಳಿ. ಕದ್ದುಮುಚ್ಚಿ ಹಚ್ಚುವುದು ಬೇಡವೇ ಬೇಡ.

ಆಮೇಲೆ ಫಿಶ್‌ಟೆಸ್ಟ್‌ನಲ್ಲಿ ಖಾತೆ ತೆರೆಯಿರಿ. ಯಂತ್ರದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಸಿ++ ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ) ಇರಬೇಕು. ಲಿನಕ್ಸ್‌ನಲ್ಲಿ ಇದು ಸುಲಭ. ವಿಂಡೋಸ್ ಇದ್ದರೆ ಇವನ್ನು ಒದಗಿಸುವ ಎಂಸಿಸ್2 (MSYS2) ಎಂಬ ತಂತ್ರಾಂಶ ಹಾಕಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಈಗ ‘ವರ್ಕರ್’ ಪ್ರೋಗ್ರಾಂ ಇಳಿಸಿಕೊಂಡು ಓಡಿಸಿ. ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪ್ರೊಸೆಸರಿನ ಎಷ್ಟು ಕೋರ್ (ಲೆಕ್ಕ ಮಾಡುವ ಘಟಕ) ಕೊಡಬೇಕೆಂದು ನೀವೇ ಹೇಳಬಹುದು, ಒಂದನ್ನಾದರೂ ಉಳಿಸಿಕೊಳ್ಳಿ. ಕೋಡ್ ತರುವುದು, ಕಂಪೈಲ್ ಮಾಡುವುದು, ಆಡಿಸುವುದು, ಫಲಿತಾಂಶ ಕಳಿಸುವುದು ಎಲ್ಲ ಅದರದೇ ಕೆಲಸ.

ಅದು ಓಡುತ್ತಿರುವಾಗ ಅದೇ ಯಂತ್ರದಲ್ಲಿ ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸ ಮಾಡಬೇಡಿ. ಪ್ರೋಗ್ರಾಮಿಗೆ ಸಮಯ ಸಾಲದೆ ಆಟ ಸೋತರೆ ಪರೀಕ್ಷೆಯೇ ಕೆಡುತ್ತದೆ. ಕರೆಂಟಿನ ಲೆಕ್ಕವೂ ಇರಲಿ: 100 ವ್ಯಾಟ್ ಎಳೆಯುವ ಯಂತ್ರ 10 ತಾಸು ಓಡಿದರೆ ಒಂದು ಯೂನಿಟ್. ವಿಜಯಪುರ, ಬಾಗಲಕೋಟೆಯವರು ಬೇಸಿಗೆಯಲ್ಲಿ ರಾತ್ರಿ ಹೊತ್ತು ಹಚ್ಚುವುದು ಒಳ್ಳೆಯದು. ಸೆಕೆಗೆ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ.

ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಅಲ್ಲಿಯವರೆಗೆ ಕಳಿಸಿದ ಆಟಗಳು ಲೆಕ್ಕಕ್ಕೆ ಸೇರಿರುತ್ತವೆ, ಉಳಿದವು ಬೇರೆಯವರ ಯಂತ್ರಕ್ಕೆ ಹೋಗುತ್ತವೆ.