ಆರಿದ್ರಾದಿಂದ ಹಸ್ತದವರೆಗೆ: ಗಂಡಸರ ಫಲವಂತಿಕೆಗೆ ಪೂರಕ ಮಾತ್ರೆ ಕೊಡುವ ನನ್ನ ಕ್ರಮ

ಮಗುವಿಗಾಗಿ ಕಾಯುತ್ತಿರುವ ದಂಪತಿ ಶಿವಮೊಗ್ಗದಲ್ಲಿ ನನ್ನ ಬಳಿ ಆಹಾರ ಸಲಹೆಗೆ ಬಂದಾಗ ಚೀಲದಿಂದ ಮೊದಲು ಹೊರಬರುವುದು ಡಬ್ಬಿಗಳು. ಆನ್‌ಲೈನಿನಲ್ಲಿ ತರಿಸಿದ್ದು ಒಂದು, ಮೆಡಿಕಲ್ ಶಾಪಿನವರು ಕೊಟ್ಟಿದ್ದು ಇನ್ನೊಂದು, ನೆಂಟರು ಹೇಳಿದ ಲೇಹ್ಯ ಮತ್ತೊಂದು. ವೀರ್ಯ ಪರೀಕ್ಷೆಯ ರಿಪೋರ್ಟ್ ಎಲ್ಲಿ ಎಂದು ಕೇಳಿದರೆ, "ಅದೊಂದು ಮಾಡಿಸಿಲ್ಲ ಮೇಡಂ, ಇವಳದ್ದೆಲ್ಲ ಆಗಿದೆ" ಎನ್ನುತ್ತಾರೆ. ಹೆಂಡತಿಯ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿದು ವರ್ಷವಾಗಿರುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಅಷ್ಟು ದಿನ ಆ ಹೆಣ್ಣುಮಗಳು ಒಬ್ಬಳೇ ಸೂಜಿ ಚುಚ್ಚಿಸಿಕೊಂಡು ಮಾತು ಕೇಳಿರುತ್ತಾಳೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಅದಕ್ಕೇ ರಿಪೋರ್ಟ್ ಕೈಗೆ ಬಾರದೆ ನಾನು ಒಂದು ಮಾತ್ರೆಯನ್ನೂ ಶುರು ಮಾಡಿಸುವುದಿಲ್ಲ.

ರಿಪೋರ್ಟ್ ಸರಿಯಾಗಿ ಬರಬೇಕಾದರೆ ಸ್ಯಾಂಪಲ್ ಸರಿಯಾಗಿರಬೇಕು. 2ರಿಂದ 7 ದಿನ ಸಂಪರ್ಕ ಇಲ್ಲದೆ ಇರಬೇಕು. ಹತ್ತು ಹದಿನೈದು ದಿನ ತಡೆದುಕೊಂಡರೆ ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಹೆಚ್ಚು ಕಂಡರೂ ಅವುಗಳ ಚಲನೆ ಕುಗ್ಗುತ್ತದೆ. ಲ್ಯಾಬಿನವರು ಕೊಟ್ಟ ಬಾಯಗಲದ ಡಬ್ಬಿಯಲ್ಲೇ ಹಿಡಿಯಬೇಕು. ಎಣ್ಣೆ, ಸೋಪು, ಜೆಲ್, ಮಾಮೂಲಿ ಕಾಂಡೋಮ್ ಯಾವುದೂ ಕೂಡದು. ಮೊದಲ ಹನಿಗಳಲ್ಲೇ ವೀರ್ಯಾಣುಗಳ ದೊಡ್ಡ ಪಾಲು ಇರುವುದರಿಂದ ಅದು ಹೊರಗೆ ಚೆಲ್ಲಿದ್ದರೆ ಮುಚ್ಚಿಡದೆ ಹೇಳಬೇಕು. ಸ್ಯಾಂಪಲ್ ಅರ್ಧ ಗಂಟೆಯೊಳಗೆ, ತಡವೆಂದರೆ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ನಮ್ಮ ಕಡೆ ಎಡವಟ್ಟಾಗುವುದೇ ಇಲ್ಲಿ. ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಮನೆಯಲ್ಲಿ ಹಿಡಿದ ಡಬ್ಬಿಯನ್ನು ಮಳೆಗಾಲದ ಚಳಿಯಲ್ಲಿ ಬಸ್ಸಿನಲ್ಲಿ ತಂದರೆ, ಶಿವಮೊಗ್ಗ ಮುಟ್ಟುವಾಗ ಚಲನೆ ಅರ್ಧ ಸತ್ತಿರುತ್ತದೆ. "ಮೊಟಿಲಿಟಿ ಕಮ್ಮಿ" ಎಂದು ಹೆದರಿ ಬಂದ ಎಷ್ಟೋ ರಿಪೋರ್ಟುಗಳು ಲ್ಯಾಬಿನಲ್ಲೇ ಕೊಟ್ಟ ಎರಡನೇ ಸ್ಯಾಂಪಲ್ಲಿನಲ್ಲಿ ಸರಿಯಿರುತ್ತವೆ. ಲ್ಯಾಬಿನ ಕೋಣೆಯಲ್ಲಿ ಆಗುವುದಿಲ್ಲ ಎನ್ನುವವರು ಹತ್ತಿರದಲ್ಲೇ ಒಂದು ಲಾಡ್ಜ್ ರೂಮ್ ಮಾಡಿಕೊಂಡು, ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು ತಂದರಾಯಿತು. ಒಂದೇ ರಿಪೋರ್ಟ್ ನೆಚ್ಚಿಕೊಳ್ಳುವುದು ಬೇಡ. ಕೆಲವು ವಾರ ಬಿಟ್ಟು ಇನ್ನೊಂದು ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಹೀಗಿದೆ: ವೀರ್ಯದ ಪ್ರಮಾಣ 1.4 ಮಿ.ಲೀ., ವೀರ್ಯಾಣು ಮಿ.ಲೀ.ಗೆ 16 ಮಿಲಿಯನ್ (ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ), ಒಟ್ಟು 39 ಮಿಲಿಯನ್, ಒಟ್ಟು ಚಲನೆ ಶೇ. 42, ಮುಂದಕ್ಕೆ ಸಾಗುವ ಚಲನೆ ಶೇ. 30, ಸರಿಯಾದ ಆಕಾರ ಶೇ. 4. ಆಕಾರದ ಸಾಲಿನಲ್ಲಿ 4 ಎಂದು ನೋಡಿ ಅಳುತ್ತಾ ಬರುವವರಿದ್ದಾರೆ. ನೂರರಲ್ಲಿ 96 ವಿಕಾರವಾಗಿದ್ದರೂ ಅದು ಮಾಮೂಲಿನ ಗಡಿಯೊಳಗೇ ಇದೆ ಎಂದು ಮೊದಲು ಅವರನ್ನು ಸಮಾಧಾನ ಮಾಡಬೇಕು. ಆಮೇಲೆ ನಾನು ಹಾಳೆಯ ಬದಿಯಲ್ಲಿ ಒಂದು ಗುಣಾಕಾರ ಹಾಕುತ್ತೇನೆ. ಪ್ರಮಾಣ 2 ಮಿ.ಲೀ., ಕೌಂಟ್ ಮಿ.ಲೀ.ಗೆ 12 ಮಿಲಿಯನ್, ಚಲನೆ ಶೇ. 40 ಇದ್ದರೆ ಚಲಿಸುವವು ಒಟ್ಟು 9.6 ಮಿಲಿಯನ್. ಈ ಒಂದು ಸಂಖ್ಯೆ ಬರೀ ಕೌಂಟಿಗಿಂತ ಹೆಚ್ಚು ಮಾತಾಡುತ್ತದೆ, ಮೂರು ತಿಂಗಳ ನಂತರದ ಹೋಲಿಕೆಗೂ ಇದೇ ಬೇಕು.

ಈ ಹಂತದಲ್ಲೇ ಕೆಲವರನ್ನು ಮಾತ್ರೆಯಿಲ್ಲದೆ ವಾಪಸ್ ಕಳಿಸುತ್ತೇನೆ. ರಿಪೋರ್ಟ್ ಸರಿಯಿದ್ದವರಿಗೆ ಮಾತ್ರೆ ಬೇಡ. ವೀರ್ಯಾಣುವೇ ಇಲ್ಲದವರಿಗೆ ಮತ್ತು ಕೌಂಟ್ ಮಿ.ಲೀ.ಗೆ 5 ಮಿಲಿಯನ್‌ಗಿಂತ ಕೆಳಗಿರುವವರಿಗೆ ಯಾವ ಪುಡಿಯೂ ಆಗುವುದಿಲ್ಲ. ಅವರಿಗೆ ಮೂತ್ರಾಂಗ ತಜ್ಞರ ಪರೀಕ್ಷೆ, ಎಫ್‌ಎಸ್‌ಎಚ್ ಮತ್ತು ಟೆಸ್ಟೋಸ್ಟಿರಾನ್ ಹಾರ್ಮೋನುಗಳ ಪರೀಕ್ಷೆ, ಬೇಕಾದರೆ ವಂಶವಾಹಿ ಪರೀಕ್ಷೆ ಆಗಬೇಕು. ಅಂಥವರು ಡಬ್ಬಿ ನಂಬಿ ಆರು ತಿಂಗಳು ಕಳೆದರೆ ಆ ಕಡೆ ಹೆಂಡತಿಯ ವಯಸ್ಸು ಓಡುತ್ತಿರುತ್ತದೆ. ಆಕೆಗೆ 35 ದಾಟಿದ್ದರೆ ಪ್ರಯತ್ನದ ಆರು ತಿಂಗಳಿಗೇ ಇಬ್ಬರೂ ತಜ್ಞರನ್ನು ಕಾಣಬೇಕು, ಉಳಿದವರಿಗೆ ಒಂದು ವರ್ಷ. ವೃಷಣದ ಮೇಲೆ ನರ ಉಬ್ಬಿದ ವೇರಿಕೋಸೀಲ್ ಇದ್ದರೂ ಮೊದಲು ಅದರ ತೀರ್ಮಾನವಾಗಲಿ. ಜಿಮ್ಮಿಗೆ ಹೋಗುವ ಹುಡುಗರನ್ನು ಒಬ್ಬರೇ ಇದ್ದಾಗ ಕೇಳುತ್ತೇನೆ: ಇಂಜೆಕ್ಷನ್ ಏನಾದರೂ ತಗೊಂಡಿದ್ದೀರಾ? ಹೊರಗಿನಿಂದ ಟೆಸ್ಟೋಸ್ಟಿರಾನ್ ಹೋದರೆ ಮೆದುಳು ವೃಷಣಕ್ಕೆ ಕಳಿಸುವ ಸಂದೇಶವನ್ನೇ ನಿಲ್ಲಿಸುತ್ತದೆ. ಮೈ ಕಟ್ಟುಮಸ್ತಾಗಿ ಕೌಂಟ್ ಸೊನ್ನೆಗೆ ಇಳಿಯುವುದು ಹೀಗೆ. ನಿಲ್ಲಿಸಿದ ಮೇಲೆ ಸರಿಹೋಗಲು ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು, ಅದೂ ವೈದ್ಯರ ಕಣ್ಗಾವಲಿನಲ್ಲಿ.

ಉಳಿದವರು ಗಡಿಯ ಆಸುಪಾಸಿನಲ್ಲಿರುವವರು. ಪೂರಕ ಮಾತ್ರೆಯ ಪ್ರಯತ್ನ ಇವರಿಗೆ ಮಾತ್ರ. ಅದರ ಮಿತಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 2,370 ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆರು ತಿಂಗಳು ದಿನಕ್ಕೆ 30 ಮಿ.ಗ್ರಾಂ. ಸತು, 5 ಮಿ.ಗ್ರಾಂ. ಫೋಲಿಕ್ ಆಸಿಡ್ ಕೊಟ್ಟರೂ ಮಕ್ಕಳಾಗುವುದು ಹೆಚ್ಚಲಿಲ್ಲ, ವೀರ್ಯದ ಗುಣವೂ ಸುಧಾರಿಸಲಿಲ್ಲ. ಬದಲಿಗೆ ಹೊಟ್ಟೆಯ ತೊಂದರೆ ಜಾಸ್ತಿಯಾಯಿತು. ಅದೇ ವರ್ಷ ಬಂದ ಇನ್ನೊಂದು ಸಣ್ಣ ಪರೀಕ್ಷೆಯಲ್ಲಿ ವಿಟಮಿನ್ ಸಿ, ವಿಟಮಿನ್ ಇ, ಸೆಲೆನಿಯಂ, ಕಾರ್ನಿಟೀನ್, ಸತು, ಫೋಲಿಕ್ ಆಸಿಡ್, ಟೊಮೇಟೊದ ಕೆಂಪು ವಸ್ತುವಾದ ಲೈಕೋಪೀನ್ ಎಲ್ಲ ಒಟ್ಟಿಗೆ ಕೊಟ್ಟರೂ ಫಲ ಕಾಣಲಿಲ್ಲ. ಬೇರೆ ಸಣ್ಣ ಅಧ್ಯಯನಗಳಲ್ಲಿ ಚಲನೆ ಸುಧಾರಿಸಿದ್ದುಂಟು. ಹೀಗಾಗಿ ನಾನು ಎಲ್ಲವನ್ನೂ ಸುರಿಯುವುದಿಲ್ಲ. ಕೊರತೆ ಇರುವುದನ್ನು ತುಂಬುತ್ತೇನೆ, ಚಲನೆ ಕಡಿಮೆಯಿದ್ದರೆ ಒಂದೋ ಎರಡೋ ಸೇರಿಸುತ್ತೇನೆ, ದಿನ ಗೊತ್ತು ಮಾಡಿ ನಿಲ್ಲಿಸುತ್ತೇನೆ.

ದಿನದ ಲೆಕ್ಕ ಮುಖ್ಯ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ನಾಳದಲ್ಲಿ ಬಲಿತು ಹೊರಬರಲು ಮತ್ತೆ ಹತ್ತು ಹದಿನಾಲ್ಕು ದಿನ. ಊರಿನವರಿಗೆ ನಾನು ಹೇಳುವುದು ಹೀಗೆ: ಆರಿದ್ರಾ ಮಳೆ ಹುಟ್ಟುವಾಗ ಶುರು ಮಾಡಿದ ಮಾತ್ರೆಯ ಫಲ ಹಸ್ತ ಮಳೆ ಹುಟ್ಟುವ ಹೊತ್ತಿಗೆ ರಿಪೋರ್ಟಿನಲ್ಲಿ ಕಾಣಬೇಕು. ಹದಿನೈದು ದಿನಕ್ಕೆ "ಏನೂ ಆಗಲಿಲ್ಲ" ಎಂದು ಬ್ರ್ಯಾಂಡ್ ಬದಲಿಸುವುದರಲ್ಲಿ ಅರ್ಥವಿಲ್ಲ. ಜ್ವರಕ್ಕೂ ಇದೇ ಲೆಕ್ಕ. ಡೆಂಗಿಯೋ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ನಮ್ಮ ಮಂಗನ ಕಾಯಿಲೆಯೋ, ಮೈ ಸುಡುವ ಯಾವ ಜ್ವರವಾದರೂ ಎರಡು ಮೂರು ತಿಂಗಳು ಕೌಂಟ್ ಕೆಳಗಿಳಿಸುತ್ತದೆ. ಜ್ವರ ಬಂದ ತಾರೀಕು ಬರೆದಿಟ್ಟುಕೊಂಡು, ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿಸಿ.

ಇನ್ನು ಸತು, ಅಂದರೆ ಜಿಂಕ್. ಭಾರತೀಯ ಗಂಡಸಿಗೆ ದಿನಕ್ಕೆ ಬೇಕಾದ್ದು 17 ಮಿ.ಗ್ರಾಂ., ಮಿತಿ 40. ಮಾತ್ರೆಯಿಂದ ನಾನು ಕೊಡುವುದು ಹೆಚ್ಚೆಂದರೆ 15-20. ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದದಿದ್ದರೆ ಲೆಕ್ಕ ತಪ್ಪುವುದು ಖಂಡಿತ. "ಜಿಂಕ್ ಸಲ್ಫೇಟ್ ಮಾನೋಹೈಡ್ರೇಟ್ 55 ಮಿ.ಗ್ರಾಂ." ಎಂದಿದ್ದರೆ ಅದರೊಳಗಿನ ಸತು 20. "ಜಿಂಕ್ ಗ್ಲುಕೋನೇಟ್ 50 ಮಿ.ಗ್ರಾಂ." ಎಂದಿದ್ದರೆ ಸತು ಬರೀ 7. "ಎಲಿಮೆಂಟಲ್ ಜಿಂಕ್ 50" ಎಂದಿದ್ದರೆ ಅಷ್ಟೂ ಸತುವೇ, ದಿನಾ ನುಂಗುವಂಥದ್ದಲ್ಲ. ಹೆಚ್ಚು ಸತು ತಿಂಗಳುಗಟ್ಟಲೆ ಹೋದರೆ ಕರುಳು ತಾಮ್ರವನ್ನು ಹೀರುವುದು ನಿಲ್ಲುತ್ತದೆ, ರಕ್ತಹೀನತೆ ಬರುತ್ತದೆ. ಎರಡು ಮೂರು ಡಬ್ಬಿ ಒಟ್ಟಿಗೆ ತಿನ್ನುವವರಿಗೆ ಆಗುವುದು ಇದೇ. ಪ್ರತಿಯೊಂದರಲ್ಲೂ ಸತು ಇರುತ್ತದೆ, ಕೂಡಿಸಿ ನೋಡುವವರು ಯಾರೂ ಇಲ್ಲ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ. ರಾತ್ರಿ ಊಟವಾದ ತಕ್ಷಣ ನುಂಗಿ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇಲಿಜ್ವರಕ್ಕೆಂದು ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಸತು ಅದಕ್ಕೆ ಅಂಟಿಕೊಂಡು ಎರಡನ್ನೂ ಕೆಡಿಸುತ್ತದೆ. ಆ ಮಾತ್ರೆ ಮುಗಿಯುವವರೆಗೆ ಸತು ನಿಲ್ಲಿಸುವುದೇ ಸುಲಭ. ಥೈರಾಯ್ಡ್ ಮಾತ್ರೆಗೂ ಖನಿಜದ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ.

ಸೆಲೆನಿಯಂ ದಿನಕ್ಕೆ 50ರಿಂದ 100 ಮೈಕ್ರೋಗ್ರಾಂ ಸಾಕು, 400 ದಾಟಬಾರದು. ಈಗ ಬ್ರೆಜಿಲ್ ನಟ್ ತರಿಸಿ ದಿನಾ ಐದಾರು ತಿನ್ನುವವರಿದ್ದಾರೆ. ಒಂದರಲ್ಲೇ ಒಂದು ದಿನಕ್ಕೆ ಬೇಕಾದಷ್ಟು ಅಥವಾ ಅದಕ್ಕೂ ಹೆಚ್ಚು ಸೆಲೆನಿಯಂ ಇರುತ್ತದೆ. ಕೂದಲು ಉದುರುವುದು, ಉಗುರು ಪುಡಿಯಾಗುವುದು, ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಬರುವುದು ಹೆಚ್ಚಾದ ಲಕ್ಷಣ.

ಚಲನೆ ಕಡಿಮೆ ಇದ್ದವರಿಗೆ ನಾನು ಮೊದಲು ಕೊಡುವುದು ಕೋಎಂಜೈಮ್ ಕ್ಯೂ10, ಬೆಳಿಗ್ಗೆ 100, ರಾತ್ರಿ 100 ಮಿ.ಗ್ರಾಂ. ಇದು ಕೊಬ್ಬಿನಲ್ಲಿ ಕರಗುವ ವಸ್ತು. ಬರೀ ಕಾಫಿ ಕುಡಿದು ನುಂಗಿದರೆ ದುಡ್ಡು ದಂಡ. ಅಕ್ಕಿ ರೊಟ್ಟಿಗೆ ಬೆಣ್ಣೆ, ನೀರುದೋಸೆಗೆ ಕಾಯಿಚಟ್ನಿ, ಕಡುಬಿಗೆ ತುಪ್ಪ ಇದ್ದಾಗ ನುಂಗಿ. ಎಲ್-ಕಾರ್ನಿಟೀನ್ ಕೊಡುವುದಾದರೆ ಬೆಳಿಗ್ಗೆ 1 ಗ್ರಾಂ, ರಾತ್ರಿ 1 ಗ್ರಾಂ, ಅಂದರೆ 500ರ ಮಾತ್ರೆ ಎರಡೆರಡು. ದಿನಕ್ಕೆ ಒಂದೇ 500 ನುಂಗಿ "ಕಾರ್ನಿಟೀನ್ ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು. ಮೊದಲ ವಾರ ಅರ್ಧ ಪ್ರಮಾಣದಲ್ಲಿ ಶುರು ಮಾಡಿದರೆ ಭೇದಿ ಆಗುವುದು ತಪ್ಪುತ್ತದೆ. ಬೆವರಲ್ಲಿ ಮೀನಿನ ವಾಸನೆ ಬರಬಹುದು, ಗಾಬರಿ ಬೇಡ. ಮೂರ್ಛೆ ರೋಗ ಇದ್ದವರು, ಥೈರಾಯ್ಡ್ ಕಡಿಮೆ ಇದ್ದವರು, ರಕ್ತ ತಿಳಿಯಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ವಾರ್ಫರಿನ್ ಇದ್ದರೆ ಕ್ಯೂ10, ವಿಟಮಿನ್ ಇ ಕೂಡ ಬೇಡ.

ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ನೋಡಿಸದೆ ಬಿಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಿಗೂ ಇದು ಇಳಿದಿರುತ್ತದೆ. ಹವ್ಯಕರ ಮನೆಯವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಕ್ಯಾಪ್ಸೂಲಿನ ಕವಚ ಯಾವುದರದ್ದು? ಜೆಲಟಿನ್ ಪ್ರಾಣಿಯದ್ದು. ಹಸಿರು ಚುಕ್ಕಿ ಇರುವ ಸಸ್ಯಜನ್ಯ ಕವಚದ್ದು ಸಿಗುತ್ತದೆ, ಮೀನೆಣ್ಣೆಯ ಬದಲಿಗೆ ಪಾಚಿಯಿಂದ ತೆಗೆದ ಒಮೆಗಾ-3 ಕೊಬ್ಬಾದ ಡಿಎಚ್‌ಎ ಸಿಗುತ್ತದೆ. ಮೀನು ತಿನ್ನುವವರಿಗೆ ಕ್ಯಾಪ್ಸೂಲೇ ಬೇಡ. ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆ ವಾರಕ್ಕೆ ಎರಡು ಸಲ, ಹುರಿಯುವ ಬದಲು ಸಾರು ಮಾಡಿಕೊಂಡರೆ ಆಯಿತು. ಜೂನ್ ಜುಲೈನಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಬೇಕಾದರೆ ಕ್ಯಾಪ್ಸೂಲ್.

ವಿಟಮಿನ್ ಡಿ ವಿಷಯದಲ್ಲಿ ಅಪಾಯದ ತಪ್ಪು ನಡೆಯುತ್ತದೆ. ನಾಲ್ಕು ತಿಂಗಳು ಬಿಸಿಲು ಕಾಣದ ಊರು ನಮ್ಮದು, ಡಿ ಇಳಿಯುವುದು ಸಹಜ. 60,000 ಯೂನಿಟ್ಟಿನ ಕ್ಯಾಪ್ಸೂಲ್ ವಾರಕ್ಕೊಂದು, ಎಂಟು ವಾರ. ಉಳಿದ ಮಾತ್ರೆಗಳ ಜೊತೆ ಇದನ್ನೂ ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ. "ಭಾನುವಾರ" ಎಂದು ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ.

ವಿಟಮಿನ್ ಸಿ ದಿನಕ್ಕೆ 500 ಮಿ.ಗ್ರಾಂ. ದಾಟುವುದು ಬೇಡ, ಕಿಡ್ನಿ ಕಲ್ಲು ಆಗಿದ್ದವರಿಗೆ ಮಾತ್ರೆಯೇ ಬೇಡ, ನೆಲ್ಲಿಕಾಯಿ ಸೀಬೆಹಣ್ಣು ಸಾಕು. ಹಿಮೋಗ್ಲೋಬಿನ್ ಸರಿಯಿರುವ ಗಂಡಸಿಗೆ ಕಬ್ಬಿಣ ಸೇರಿದ ಮಾತ್ರೆ ಬೇಡ. ಗಂಡನ ಡಬ್ಬಿಯನ್ನು ಹೆಂಡತಿ ಹಂಚಿಕೊಳ್ಳಬಾರದು. ಅದರಲ್ಲಿ ವಿಟಮಿನ್ ಎ ಹೆಚ್ಚಿದ್ದರೆ ಬಸಿರಿಗೆ ಕೆಡುಕು. ಆಕೆಗೆ ಬೇಕಾದ್ದು 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಅದು ಬೇರೆಯೇ ಮಾತ್ರೆ. ಅಶ್ವಗಂಧ, ನಸುಗುನ್ನಿ ಪುಡಿ ಕೇಳುವವರು ಬಹಳ. ಅಶ್ವಗಂಧದಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ, ಥೈರಾಯ್ಡನ್ನೂ ಅದು ಅಲ್ಲಾಡಿಸುತ್ತದೆ. ನಸುಗುನ್ನಿಯಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಔಷಧಿಯಾಗಿ ಕೊಡುವ ಎಲ್-ಡೋಪಾ ಇದೆ. ಆಯುರ್ವೇದ ವೈದ್ಯರೇ ಕೈಹಿಡಿದು ನೋಡಿ ಕೊಟ್ಟರೆ ಸರಿ, ಸಂತೆಯ ಪುಡಿ ಬೇಡ.

ಮಲೆನಾಡಿನ ತೇವದಲ್ಲಿ ಮಾತ್ರೆ ಕೆಡುವುದನ್ನು ಬಯಲುಸೀಮೆಯವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ನೂರರ ಡಬ್ಬಿ ತಂದು ಬಚ್ಚಲಿನ ಗೂಡಿನಲ್ಲೋ ಒಲೆಯ ಮೇಲಿನ ಹಲಗೆಯಲ್ಲೋ ಇಟ್ಟರೆ ಆಷಾಢದಲ್ಲಿ ಜೆಲಟಿನ್ ಕ್ಯಾಪ್ಸೂಲ್‌ಗಳು ಬೆಲ್ಲದ ಅಚ್ಚಿನಂತೆ ಒಂದಕ್ಕೊಂದು ಅಂಟುತ್ತವೆ, ಪುಡಿ ಗಟ್ಟಿಯಾಗುತ್ತದೆ, ಬಿಳಿಯ ವಿಟಮಿನ್ ಸಿ ಮಾತ್ರೆಯ ಅಂಚಿನಿಂದ ಕಂದು ಬಣ್ಣ ಒಳಗೆ ಹರಡುತ್ತದೆ. ಕಂದಾದದ್ದನ್ನು ಎಸೆಯಿರಿ. ಡಬ್ಬಿಗಿಂತ ಸ್ಟ್ರಿಪ್ ಕೊಳ್ಳಿ, ಒಂದೊಂದೇ ತಿಂಗಳಿನದು ತನ್ನಿ, ಸ್ಟ್ರಿಪ್ಪಿನಿಂದ ಬಿಡಿಸಿ ವಾರದ ಪೆಟ್ಟಿಗೆಗೆ ತುಂಬಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಮಲಗುವ ಕೋಣೆಯಲ್ಲಿ ಇಡಿ.

ಆಹಾರದ ಮಾತು ಚಿಕ್ಕದು: ಹುರುಳಿ, ಹೆಸರು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿನ ಸತು ಮೈಗೆ ಚೆನ್ನಾಗಿ ಹತ್ತುತ್ತದೆ. ಎಳ್ಳು, ಸಿಹಿಗುಂಬಳದ ಬೀಜ, ಗೇರುಬೀಜ ದಿನಕ್ಕೊಂದು ಹಿಡಿ. ಎಣ್ಣೆಯಲ್ಲಿ ಬೇಯಿಸಿದ ಟೊಮೇಟೊ. ಆದರೆ ಕವಳಕ್ಕೆ ಹೊಗೆಸೊಪ್ಪು ಹಾಕುವುದನ್ನು, ಗುಟ್ಕಾವನ್ನು, ಬೀಡಿಯನ್ನು ಬಿಡದೆ ಕ್ಯೂ10 ನುಂಗುವುದು ತೂತು ಕೊಡಕ್ಕೆ ನೀರು ಸೇದಿದಂತೆ. ಹೊಗೆಸೊಪ್ಪು ಜಗಿಯುವವರಲ್ಲಿ ಕೌಂಟೂ ಚಲನೆಯೂ ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡಿದೆ. ವೃಷಣ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಹಂಡೆಯ ಮುಂದೆ ದಿನವಿಡೀ ಒಬ್ಬರೇ ಕೂರದೆ ಪಾಳಿ ಮಾಡಿಕೊಳ್ಳಿ, ಮಾತ್ರೆಯ ಮೂರು ತಿಂಗಳು ಆದಷ್ಟು ಸುಗ್ಗಿಗೆ ಸಿಗದಂತೆ ಶುರು ಮಾಡಿ. ಈ ತಿಂಗಳುಗಳಲ್ಲಿ ಪ್ರಯತ್ನ ನಿಲ್ಲಿಸುವುದೂ ಬೇಡ. ಎರಡು ಮೂರು ದಿನಕ್ಕೊಮ್ಮೆ ಕೂಡುವುದು ಸಾಕು.

ತೊಂಬತ್ತು ದಿನ ಮುಗಿದ ಮೇಲೆ ಅದೇ ಲ್ಯಾಬ್, ಸಂಪರ್ಕವಿಲ್ಲದೆ ಮೊದಲಿನಷ್ಟೇ ದಿನ, ಅದೇ ಗುಣಾಕಾರ. 9.6 ಇದ್ದದ್ದು 10 ಆದರೆ ಅದು ಏರಿಕೆಯಲ್ಲ, ಒಬ್ಬನದೇ ಎರಡು ಸ್ಯಾಂಪಲ್ ನಡುವೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಸಹಜ. ಎರಡು ಪಟ್ಟಾಗಿದ್ದರೆ ಇನ್ನೂ ಮೂರು ತಿಂಗಳು ಮುಂದುವರಿಸುತ್ತೇನೆ, ಡಿ ಮಾತ್ರ ರಕ್ತ ನೋಡಿದ ಮೇಲೆ. ಕದಲದೆ ಇದ್ದರೆ ಎಲ್ಲ ಮಾತ್ರೆ ಅಂದೇ ನಿಲ್ಲಿಸಿ, ಎರಡೂ ರಿಪೋರ್ಟ್ ಒಟ್ಟಿಗೆ ಪಿನ್ ಮಾಡಿ, ತಿಂದ ಪ್ರಮಾಣ ಮತ್ತು ತಾರೀಕು ಒಂದು ಚೀಟಿಯಲ್ಲಿ ಬರೆದು ತಜ್ಞರ ಬಳಿ ಕಳಿಸುತ್ತೇನೆ.