ಕಂಪನ ಹಿಡಿಯುವ ಪೆಟ್ಟಿಗೆಗೆ ಮೊದಲು ಗಂಟೆ ನೋಡಲು ಕಲಿಸಿ

ಪಾಂಡವಪುರದ ಕಡೆ ಮಧ್ಯಾಹ್ನದ ಹೊತ್ತಿಗೆ ಕಿಟಕಿ ಗಾಜು ಗಡಗಡ ಅಂದರೆ ಸಂಜೆಯೊಳಗೆ ಊರು ಎರಡು ಪಕ್ಷವಾಗುತ್ತದೆ. ಒಬ್ಬರು ಕ್ವಾರಿ ಸಿಡಿತ ಅಂದರೆ ಇನ್ನೊಬ್ಬರು ಭೂಕಂಪ ಅನ್ನುತ್ತಾರೆ. ಕನ್ನಂಬಾಡಿ ಕಟ್ಟೆ ಪಕ್ಕದಲ್ಲೇ ಇರುವುದರಿಂದ ಜಗಳಕ್ಕೆ ಕಾವು ಜಾಸ್ತಿ. ಅದನ್ನು ಬಗೆಹರಿಸಬೇಕಾದ್ದು ಕಂಪನ ಕೇಂದ್ರದ ದಾಖಲೆ. ಆದರೆ ಗುಡ್ಡದ ಮೇಲೆ, ಹೊಲದ ಅಂಚಿನಲ್ಲಿ ಪೆಟ್ಟಿಗೆ ಕೂರಿಸಲು ಹೋದವರು ಗಡಿಯಾರದ ವಿಷಯದಲ್ಲಿ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದನ್ನು ನೋಡಿ ಸಾಕಾಗಿದೆ.

ಹಂತ 1: ಬಂಡೆ ಹುಡುಕಿ. ನೆಲದ ಅಲುಗಾಟ ಹಿಡಿಯುವ ಸೆನ್ಸರ್ ಅನ್ನು ಗದ್ದೆ ಮಣ್ಣಿನ ಮೇಲೆ ಇಟ್ಟರೆ ಪಂಪ್‌ಸೆಟ್ಟಿನ ಸದ್ದೇ ದಾಖಲಾಗುತ್ತದೆ. ಆಲೆಮನೆ, ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದಾರಿ, ತೆಂಗಿನ ಮರ ಎಲ್ಲದರಿಂದಲೂ ದೂರವಿರಿ. ರಸಮಟ್ಟ ಇಟ್ಟು ಕೂರಿಸಿ, ಬಾಣದ ಗುರುತನ್ನು ಉತ್ತರಕ್ಕೆ ತಿರುಗಿಸಿ. ದಿಕ್ಸೂಚಿಯನ್ನು ಕಬ್ಬಿಣದ ಬಾಗಿಲ ಪಕ್ಕ ಹಿಡಿಯಬೇಡಿ.

ಹಂತ 2: ಡಿಜಿಟೈಸರ್. ಸೆನ್ಸರ್‌ನಿಂದ ಬರುವುದು ಏರಿಳಿಯುವ ವೋಲ್ಟೇಜು. ಅದನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಅಳೆದು ಅಂಕಿ ಮಾಡುವುದು ಈ ಪೆಟ್ಟಿಗೆಯ ಕೆಲಸ. 24 ಬಿಟ್‌ನದಾದರೆ ಅಳತೆಗೆ ಸುಮಾರು 1.68 ಕೋಟಿ ಮೆಟ್ಟಿಲು ಸಿಗುತ್ತವೆ. ಸೆಕೆಂಡಿಗೆ 100 ಸಲ ಅಳೆದರೆ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ನಡುಗುವ) ಒಳಗಿನ ಕಂಪನವೆಲ್ಲ ಸಿಗುತ್ತದೆ, ಬಹುತೇಕ ಕೇಂದ್ರಗಳಿಗೆ ಅಷ್ಟು ಸಾಕು. ಹೆಚ್ಚಿಟ್ಟರೆ ಒಳ್ಳೆಯದಿರಬಹುದು ಅಂತ 500 ಇಟ್ಟು, ಕಾರ್ಡ್ ತುಂಬಿತು ಅಂತ ತಲೆ ಕೆರೆದುಕೊಳ್ಳುವವರಿದ್ದಾರೆ. ಕ್ವಾರಿ ಹತ್ತಿರವಿದ್ದರೆ ಗೇನ್, ಅಂದರೆ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದನ್ನು, ತಗ್ಗಿಸಿ. ಇಲ್ಲದಿದ್ದರೆ ದೊಡ್ಡ ಅಲೆಯ ತಲೆ ಕತ್ತರಿಸಿಹೋಗಿ, ತೀವ್ರತೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲ.

ಹಂತ 3: ಗಡಿಯಾರ. ಎಲ್ಲರೂ ಎಡವುವುದು ಇಲ್ಲಿ.

ಅಲೆ ಯಾವ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ತಲುಪಿತು ಅನ್ನುವುದರಿಂದಲೇ ಕಂಪನ ಎಲ್ಲಿ ಹುಟ್ಟಿತು ಅಂತ ಲೆಕ್ಕ ಹಾಕುವುದು. ನಮ್ಮ ಗಟ್ಟಿ ಕಲ್ಲಿನಲ್ಲಿ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಪೆಟ್ಟಿಗೆಯೊಳಗಿನ ಸಾಧಾರಣ ಹರಳಿನ ಗಡಿಯಾರ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಜಾರುತ್ತದೆ. ಅಂದರೆ ಒಂದೇ ದಿನದಲ್ಲಿ ಹತ್ತು ಕಿ.ಮೀ. ಲೆಕ್ಕ ತಪ್ಪಿ, ಪಾಂಡವಪುರದ ಸಿಡಿತ ಶ್ರೀರಂಗಪಟ್ಟಣಕ್ಕೆ ಬಂದು ಕೂತಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಪೆಟ್ಟಿಗೆ ಕಾದರೆ ಜಾರುವ ವೇಗವೂ ಬದಲಾಗುತ್ತದೆ, ಆಮೇಲೆ ಕೂತು ತಿದ್ದೋಣ ಅಂದರೂ ಆಗದು. ಗೌರಿಬಿದನೂರಿನಲ್ಲಿ 1965ರಿಂದ ಇರುವ ಸೆನ್ಸರ್ ಸಾಲು ಅಲೆ ಯಾವ ದಿಕ್ಕಿನಿಂದ ಬಂತು ಅಂತ ಹೇಳುವುದೇ, ಒಂದೊಂದು ಸೆನ್ಸರ್‌ಗೂ ಅದು ಎಷ್ಟು ಹಿಂದುಮುಂದಾಗಿ ತಲುಪಿತು ಎಂಬುದನ್ನು ನೋಡಿ.

ಹಾಗಾಗಿ ಉಪಗ್ರಹದಿಂದ ನಿಖರ ಸಮಯ ಹಿಡಿದು ಗಡಿಯಾರ ತಿದ್ದುವ ಜಿಪಿಎಸ್ ಆಂಟೆನಾ ಬೇಕೇ ಬೇಕು, ಅದೂ ಆಕಾಶ ಕಾಣುವಂತೆ. ನಾಗಮಂಗಲ ಕಡೆಯ ಒಂದು ಕೇಂದ್ರದಲ್ಲಿ ಮಳೆಗೆ ನೆನೆಯದಿರಲಿ ಅಂತ ಆಂಟೆನಾವನ್ನು ಶೀಟಿನ ಕೆಳಗೆ ಕಟ್ಟಿದ್ದರು. ಮೂರು ತಿಂಗಳ ದಾಖಲೆ ಕಸವಾಯಿತು. ಆಂಟೆನಾ ನೆನೆಯಲಿ ಬಿಡಿ, ಅದಕ್ಕೇನೂ ಆಗುವುದಿಲ್ಲ. ನೀರು ಒಳಗಿಳಿಯುವುದು ಕೇಬಲ್ಲಿನ ಜೋಡಣೆಯಲ್ಲಿ. ಅಲ್ಲಿ ರಬ್ಬರ್ ಟೇಪ್ ಸುತ್ತಿ.

ಇನ್ನೊಂದು ಸೂಕ್ಷ್ಮವಿದೆ. ಜಿಪಿಎಸ್ ಸಮಯ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) 18 ಸೆಕೆಂಡ್ ಮುಂದಿದೆ. ಉಪಗ್ರಹಗಳು ಆ ವ್ಯತ್ಯಾಸವನ್ನೂ ಕಳಿಸುತ್ತವೆ, ಆದರೆ ಪೂರ್ತಿ ಸಂದೇಶ ಒಂದು ಸುತ್ತು ಬರಲು 12.5 ನಿಮಿಷ ಬೇಕು. ಉಪಗ್ರಹ ಸಿಕ್ಕಿತು ಅಂತ ಹಸಿರು ದೀಪ ಹತ್ತಿದ ಕೂಡಲೇ ಬೀಗ ಹಾಕಿ ಹೊರಡಬೇಡಿ. ಚೀಲದಲ್ಲಿ ಕಡಲೆಕಾಯಿ ಇರಲಿ, ಇಪ್ಪತ್ತು ನಿಮಿಷ ಕೂತು ತಿನ್ನಿ.

ಸಮಯವನ್ನು ಯುಟಿಸಿಯಲ್ಲೇ ಇಡಿ. 'ನಮ್ಮವರಿಗೆ ಅರ್ಥವಾಗಲಿ' ಅಂತ ಭಾರತೀಯ ಕಾಲಮಾನ ಹಾಕುವವರೊಂದಿಗೆ ನಾನು ವಾದ ಮಾಡುವುದನ್ನೇ ಬಿಟ್ಟಿದ್ದೇನೆ, ನೇರ ಬದಲಾಯಿಸಿಬಿಡುತ್ತೇನೆ. ಲಾತೂರಿನ ಭೂಕಂಪ ನಮಗೆ 1993ರ ಸೆಪ್ಟೆಂಬರ್ 30ರ ನಸುಕು. ಯುಟಿಸಿಯಲ್ಲಿ ಅದು 29ರ ರಾತ್ರಿ 22.25. ಎರಡು ಕೇಂದ್ರ ಎರಡು ಲೆಕ್ಕ ಇಟ್ಟರೆ ತಾರೀಖೇ ಹೊಂದದು.

ಹಂತ 4: ಬರೆಸುವುದು. ಪೆಟ್ಟಿಗೆ ನಡುಗಿದಾಗ ಮಾತ್ರ ಬರೆದುಕೊಳ್ಳುವ ವ್ಯವಸ್ಥೆಯನ್ನು ನಂಬಬೇಡಿ, ಸಣ್ಣ ಕಂಪನಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಹಗಲೂ ರಾತ್ರಿ ಬರೆಸಿ. ಮೂರು ದಿಕ್ಕು, ಸೆಕೆಂಡಿಗೆ 100 ಅಳತೆ, ಅಳತೆಗೆ 4 ಬೈಟ್ ಅಂದರೂ ದಿನಕ್ಕೆ 104 ಎಂಬಿ ಅಷ್ಟೇ. ಕಂಪನ ದಾಖಲೆಗೆಂದೇ ಇರುವ ಮಿನಿಸೀಡ್ ಎಂಬ ಕಡತ ರೂಪದಲ್ಲಿ ಕುಗ್ಗಿಸಿದರೆ ಅದಕ್ಕಿಂತ ಬಹಳ ಕಡಿಮೆ. ಮೊಬೈಲ್ ಅಂಗಡಿಯ ಅಗ್ಗದ ಎಸ್‌ಡಿ ಕಾರ್ಡ್ ಹಾಕಿದರೆ ಒಂದು ಬೇಸಿಗೆ ಬಂದರೆ ಹೆಚ್ಚು.

ಹಂತ 5: ಕರೆಂಟು. ಸೋಲಾರ್ ಹಲಗೆ ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಬಾಗಿರಲಿ. ಆಷಾಢದ ಮೋಡಕ್ಕೆ ಐದು ದಿನ ತಡೆಯುವ ಬ್ಯಾಟರಿ ಬೇಕು, ಕಾರಿನ ಹಳೇ ಬ್ಯಾಟರಿ ಖಂಡಿತ ಬೇಡ. ಹಲಗೆಯಿಂದ ಬ್ಯಾಟರಿಗೆ ಕರೆಂಟು ಹದವಾಗಿ ಬಿಡುವ ಚಾರ್ಜ್ ಕಂಟ್ರೋಲರ್ ಕಳಪೆಯಾದರೆ ಅದರ ಗುಯ್‌ಗುಡುವಿಕೆ ನೇರ ದಾಖಲೆಗೇ ಇಳಿಯುತ್ತದೆ. ಬಿಸಿಲಿರುವಾಗ ಮಾತ್ರ ಕಾಣುವ 'ಕಂಪನ'ವನ್ನು ವಾರಗಟ್ಟಲೆ ಹುಡುಕಿದ್ದೇನೆ, ಕಡೆಗೆ ಸಿಕ್ಕಿದ್ದು ಇದೇ.

ಹೊರಡುವ ಮುಂಚೆ ಸೆನ್ಸರ್ ಪಕ್ಕ ಒಮ್ಮೆ ಕುಪ್ಪಳಿಸಿ. ಮೂರೂ ಗೆರೆ ಅಲುಗಬೇಕು. ಕುಪ್ಪಳಿಸಿದ ಸಮಯವನ್ನು ಸೆಕೆಂಡ್ ಸಮೇತ ಕೇಂದ್ರದ ಪುಸ್ತಕದಲ್ಲಿ ಬರೆದು, ಪೆಟ್ಟಿಗೆ ತೋರಿಸುವ ಸಮಯದ ಜೊತೆ ತಾಳೆ ನೋಡಿ, ಆಮೇಲೆ ಬೀಗ ಹಾಕಿ.