ಎಸ್‌ಯುವಿಗೆ ಭಾರದ ಟ್ರೇಲರ್ ಕಟ್ಟುವ ಮುಂಚೆ

ಗ್ಯಾರೇಜಿಗೆ ಬರುವವರದು ಒಂದೇ ಮಾತು: "ದೊಡ್ಡ ಹಿಚ್ ಹಾಕಿಕೊಡಿ, ಜಾಸ್ತಿ ಭಾರ ಎಳೀಬೇಕು." ಹಿಚ್ ಅಂದರೆ ಟ್ರೇಲರ್ ಕಟ್ಟಲು ಗಾಡಿಯ ಹಿಂದೆ ಹಾಕುವ ಕೊಂಡಿ. ಹಾಕಿಕೊಡೋಣ, ಅದೇನು ಕಷ್ಟವಲ್ಲ. ಆದರೆ 1,500 ಕೆಜಿ ಎಳೆಯುವ ಗಾಡಿಗೆ 3,500 ಕೆಜಿಯ ಹಿಚ್ ಹಾಕಿದರೂ ಅದು ಎಳೆಯುವುದು 1,500 ಮಾತ್ರ. ಹಿಚ್, ಟ್ರೇಲರ್‌ನ ಮೂತಿ ಕೂರುವ ಅದರ ಗುಂಡು (ಬಾಲ್), ಗೇರ್‌ಬಾಕ್ಸ್, ಬ್ರೇಕ್, ಟೈರ್: ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ತಡೆಯುತ್ತದೋ ಅದೇ ನಿಮ್ಮ ಮಿತಿ.

ಹಾಗಾಗಿ ಮೊದಲು ಗಾಡಿಯ ಜೊತೆ ಬಂದ ಪುಸ್ತಕ ತೆಗೆಯಿರಿ. ಒಂದೇ ಮಾಡೆಲ್‌ಗೆ ಎರಡು ಅಂಕಿ ಇರುವುದುಂಟು. ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲೆಂದೇ ಕಂಪನಿ ಸೇರಿಸಿ ಕೊಡುವ ಸಾಮಾನು) ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಆ ಪ್ಯಾಕೇಜಿನಲ್ಲಿ ಏನೇನು ಬರುತ್ತದೆ ನೋಡಿ. ಆಯಿಲ್ ಕೂಲರ್, ವೈರಿಂಗ್, ಹಿಚ್ ಇಂಥವನ್ನು ಆಮೇಲೂ ಹಾಕಿಸಬಹುದು. ಹಾಗೆ ಹಾಕಿಸಿದರೆ ಎರಡರಲ್ಲಿ ದೊಡ್ಡ ಅಂಕಿ ಸಲ್ಲುತ್ತದಾ ಅಂತ ಕಂಪನಿಯವರನ್ನೇ ಕೇಳಿ. ಅದನ್ನೂ ದಾಟಬೇಕು ಅನ್ನುವವರು ಬೇರೆ ಗಾಡಿ ನೋಡುವುದೇ ವಾಸಿ.

ದುಡ್ಡು ಹಾಕುವುದಾದರೆ ಮೊದಲು ಗೇರ್‌ಬಾಕ್ಸ್ ಕೂಲರ್‌ಗೆ ಹಾಕಿ. ಆಟೋಮ್ಯಾಟಿಕ್ ಗಾಡಿ ಭಾರ ಎಳೆದುಕೊಂಡು ಏರು ಹತ್ತುವಾಗ, ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಆಯಿಲ್ ಕಾಯುತ್ತದೆ. ಕಾದು ಕಾದು ಕೆಟ್ಟ ಆಯಿಲ್ ಒಳಗಿನ ಕ್ಲಚ್‌ಗಳನ್ನೂ ಸುಡುತ್ತದೆ. ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ. ಸಾಮಾನ್ಯವಾಗಿ ಕೆಂಪಗಿರುವ ಆಯಿಲ್ ಕಂದಾಗಿ, ಸೀದ ವಾಸನೆ ಬರುತ್ತಿದ್ದರೆ ಟ್ರೇಲರ್ ವಿಷಯ ಆಮೇಲೆ, ಮೊದಲು ಗೇರ್‌ಬಾಕ್ಸ್ ತೋರಿಸಿ. ಕೂಲರನ್ನು ಮುಂದೆ ಗಾಳಿ ಹೊಡೆಯುವ ಕಡೆ ಕೂರಿಸುತ್ತೇವೆ. ಆಯಿಲ್ ಮೊದಲು ರೇಡಿಯೇಟರ್ ಒಳಗೆ ಹಾದು, ಆಮೇಲೆ ಕೂಲರ್‌ಗೆ ಬಂದು, ಅಲ್ಲಿಂದ ಗೇರ್‌ಬಾಕ್ಸ್‌ಗೆ ಮರಳಬೇಕು.

ಇನ್ನು ಬ್ರೇಕ್. ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ, ಅಲ್ವಾ? ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಲಿ. ಎಲೆಕ್ಟ್ರಿಕ್ ಬ್ರೇಕ್ ಆದರೆ ಡ್ರೈವರ್ ಕೈಗೆ ಸಿಗುವಲ್ಲಿ ಕಂಟ್ರೋಲರ್ ಹಾಕಿಸಿ.

ಜನ ಮರೆಯುವುದು ಹಿಚ್ ಮೇಲೆ ಕೂರುವ ಭಾರವನ್ನು. ಕಾರವಾನ್, ಸಾಮಾನಿನ ಟ್ರೇಲರ್‌ಗಳಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಹಿಚ್ ಮೇಲೆ ಬೀಳಬೇಕು ಅಂತ ಸಾಮಾನ್ಯ ಲೆಕ್ಕ. ನಿಮ್ಮ ಪುಸ್ತಕದಲ್ಲಿ ಬೇರೆ ಮಿತಿ ಇದ್ದರೆ ಅದನ್ನೇ ಹಿಡಿಯಿರಿ. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಜಾಸ್ತಿಯಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲ. ಈ ಭಾರ ಗಾಡಿಯ ಪೇಲೋಡ್‌ನಲ್ಲೇ, ಅಂದರೆ ಗಾಡಿ ತನ್ನ ಮೇಲೆ ಹೊರಬಹುದಾದ ಭಾರದಲ್ಲೇ ಕಳೆಯುತ್ತದೆ. ಪೇಲೋಡ್ 500 ಕೆಜಿ ಅಂದುಕೊಳ್ಳಿ. ಐದು ಜನ 350, ಲಗೇಜು 80. ಉಳಿದದ್ದು 70. ಇದರ ಮೇಲೆ 1,500 ಕೆಜಿ ಟ್ರೇಲರ್ ಕನಿಷ್ಠ 150 ಹೇರುತ್ತದೆ. ಮಿತಿ ದಾಟಿತು.

ಹಿಚ್ ಮೇಲಿನ ಭಾರ ಅಳೆಯಲು ಮನೆಯಲ್ಲಿ ತೂಕ ನೋಡುವ ಮಿಷನ್ ಸಾಕು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ಮಿಷನ್ ಮೇಲೆ, ಎರಡೂ ಒಂದೇ ಎತ್ತರಕ್ಕಿರಲಿ. ಟ್ರೇಲರ್ ಚಕ್ರಕ್ಕೆ ಅಡ್ಡ ಕೊಟ್ಟು, ಅದರ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ, ಮಿಷನ್‌ನಿಂದ ಎರಡು ಅಡಿ ದೂರಕ್ಕೆ ಹಲಗೆ ಮೇಲೆ ಇಳಿಸಿ. ಬಂದ ತೂಕವನ್ನು ಮೂರರಿಂದ ಗುಣಿಸಿ. ಜಾಸ್ತಿ ಬಂದರೆ ಸಾಮಾನು ಹಿಂದಕ್ಕೆ ಸರಿಸಿ, ಕಡಿಮೆ ಬಂದರೆ ಮುಂದಕ್ಕೆ.

ಕುಸಿದ ಹಿಂಭಾಗಕ್ಕೆ ಸುಮ್ನೆ ಏರ್‌ಬ್ಯಾಗ್ ಸಸ್ಪೆನ್ಷನ್ (ಗಾಡಿಯ ಹಿಂಭಾಗ ಎತ್ತುವ ಗಾಳಿ ಚೀಲ) ಹಾಕಿಸಿದರೆ ಗಾಡಿ ನೆಟ್ಟಗೆ ಕಾಣುತ್ತದೆ, ಅಷ್ಟೆ. ಮುಂದಿನ ಆಕ್ಸಲ್‌ಗೆ ಭಾರ ಮರಳಿಸುವುದು ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಅದನ್ನು ಹಾಕಬಹುದಾ ಅಂತ ಪುಸ್ತಕದಲ್ಲಿ ನೋಡಿ, ಕೆಲವು ಗಾಡಿಗಳಿಗೆ ಕಂಪನಿಯೇ ಬೇಡ ಅನ್ನುತ್ತದೆ.

ಅಂದಕ್ಕೆ ದೊಡ್ಡ ಟೈರ್ ಹಾಕಿಸಿದ್ದರೆ ತೆಗೆಯಿರಿ. ಅದು ಎಳೆಯುವ ಬಲವನ್ನೇ ತಿನ್ನುತ್ತದೆ. ಟೈರ್ ಬದಿಯ ಲೋಡ್ ಇಂಡೆಕ್ಸ್ ಓದಿ: 100 ಅಂದರೆ ಒಂದು ಟೈರ್‌ಗೆ 800 ಕೆಜಿ, 104 ಅಂದರೆ 900. ಆಕ್ಸಲ್ ಗೇರಿನ ಅನುಪಾತವನ್ನು (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) 3.73ರಿಂದ 4.10ಕ್ಕೆ ಬದಲಿಸಿದರೆ ಏರಿನಲ್ಲಿ ಸುಲಭವಾಗುತ್ತದೆ ನಿಜ. ಫೋರ್ ವೀಲ್ ಡ್ರೈವ್ ಆದರೆ ಹಿಂದೆ ಮುಂದೆ ಎರಡೂ ಬದಲಿಸಬೇಕು, ಡೀಸೆಲ್ಲೋ ಪೆಟ್ರೋಲೋ ಜಾಸ್ತಿ ಕುಡಿಯುತ್ತದೆ. ಎಂಜಿನ್ ಟ್ಯೂನಿಂಗ್ ನಾನು ಬೇಡ ಅನ್ನುತ್ತೇನೆ. ಬಲದ ಜೊತೆ ಬಿಸಿಯೂ ಏರುತ್ತದೆ.

ಎಲ್ಲ ಹಾಕಿಸಿದ ಮೇಲೆ ಅರ್ಧ ಭಾರದಲ್ಲಿ ಒಮ್ಮೆ ಓಡಿಸಿ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಿಡಿಯಿರಿ, ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಟ್ರೇಲರ್‌ನ ಪ್ರತಿ ಚಕ್ರದ ಹಬ್ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಅದರ ಬೇರಿಂಗ್ ಇಲ್ಲವೇ ಬ್ರೇಕ್ ಬಿಚ್ಚಿ ನೋಡಿಸಿ.